ಮಿಸ್ಸಿಂಗ್: ಹಳೆಯ ಬೈಕಿನ ತಡವರಿಕೆಗೂ ಒಂದು ಚರಿತ್ರೆ

ಮುಂಬಯಿಯ ಲೋಕಲ್ ರೈಲಿನಲ್ಲಿ ಕಲ್ಯಾಣ ದಾಟಿ, ಅಂಬರನಾಥ ದಾಟಿದರೆ ಬದಲಾಪುರ. ಉಲ್ಹಾಸ ನದಿಯ ದಡದ ಈ ಊರಿಗೆ ಹೆಸರು ಬಂದ ಬಗೆಯನ್ನು ಅಲ್ಲಿನವರು ಹೀಗೆ ಹೇಳುತ್ತಾರೆ: ಮರಾಠರ ಕಾಲದಲ್ಲಿ ಸೂರತ್ತಿನ ದಾರಿಯಲ್ಲಿ ಓಡಿ ದಣಿದ ಕುದುರೆಗಳನ್ನು ಇಲ್ಲಿ ಬಿಟ್ಟು, ಬೇರೆ ಕುದುರೆ ಏರಿ ಮುಂದೆ ಹೋಗುತ್ತಿದ್ದರು. ಕುದುರೆ ಬದಲಿಸುವ ಊರು, ಬದಲಾಪುರ. ಕಥೆ ಎಷ್ಟು ನಿಜವೋ, ಅದರೊಳಗಿನ ವಿವೇಕವಂತೂ ನಿಜ. ಮುಗ್ಗರಿಸುವ ಕುದುರೆಯನ್ನು ಹೊಡೆದು ಓಡಿಸಿದರೆ ಕುದುರೆಯೂ ಉಳಿಯುವುದಿಲ್ಲ, ಸವಾರನೂ ಊರು ತಲುಪುವುದಿಲ್ಲ.

ಹಳೆಯ ಮೋಟರ್ ಸೈಕಲ್ ಇಟ್ಟುಕೊಂಡವರಿಗೆ ಬದಲಿಸುವ ಸೌಲಭ್ಯವಿಲ್ಲ. ಬದಲಿಸುವ ಮನಸ್ಸಿದ್ದರೆ ಅವರು ಹಳೆಯದನ್ನು ಇಟ್ಟುಕೊಳ್ಳುತ್ತಲೇ ಇರಲಿಲ್ಲ. ಅವರ ಮುಂದಿರುವುದು ಒಂದೇ ದಾರಿ: ಎಂಜಿನ್ ಯಾಕೆ ಮುಗ್ಗರಿಸುತ್ತಿದೆ ಎಂದು ಕಂಡುಹಿಡಿಯುವುದು. ಮೈಸೂರಿನ ಗ್ಯಾರೇಜಿನಲ್ಲಿ ಇದಕ್ಕೆ 'ಮಿಸ್ಸಿಂಗ್ ಹೊಡೀತಿದೆ' ಎನ್ನುತ್ತಾರೆ. ಬದಲಾಪುರದ ಗ್ಯಾರೇಜಿನಲ್ಲಿ 'ಗಾಡಿ ಮಿಸಿಂಗ್ ಕರತೆ'. ಆಕ್ಸಿಲರೇಟರ್ ತಿರುವಿದ ಕ್ಷಣ ಎಂಜಿನ್ ಉಸಿರು ಹಿಡಿದಂತೆ ನಿಲ್ಲುತ್ತದೆ, ಒಂದು ಜಟಕಾ ಹೊಡೆಯುತ್ತದೆ, ಆಮೇಲೆ ಓಡುತ್ತದೆ. ಅಥವಾ ಓಡುವುದೇ ಇಲ್ಲ.

ಲಕ್ಷಣ ಅರವತ್ತು ವರ್ಷಗಳಿಂದ ಒಂದೇ. ಕಾರಣ ಮಾತ್ರ ಕಾಲಕಾಲಕ್ಕೆ ಬದಲಾಗಿದೆ. 1965ರಲ್ಲಿ ಬೈಕು ತಡವರಿಸುತ್ತಿದ್ದುದಕ್ಕೂ 1985ರಲ್ಲಿ ತಡವರಿಸುತ್ತಿದ್ದುದಕ್ಕೂ 2025ರಲ್ಲಿ ತಡವರಿಸುವುದಕ್ಕೂ ಹಿಂದಿರುವ ಲೋಕಗಳು ಬೇರೆ ಬೇರೆ. ಕನ್ನಡ ನೆಲದಲ್ಲೇ ಹುಟ್ಟಿದ ಜಾವಾ ಮತ್ತು ಯೆಜ್ಡಿ ಬೈಕುಗಳ ಕಥೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಒಂದು ಕ್ಷಣದ ಲೆಕ್ಕ

ಪೆಟ್ರೋಲ್ ಎಂಜಿನ್ನಿಗೆ ಬೇಕಾದುದು ನಾಲ್ಕು: ಗಾಳಿ, ಪೆಟ್ರೋಲ್, ಕಿಡಿ, ಒತ್ತಡ. ನಾಲ್ಕೂ ಇದ್ದರೆ ಸಾಲದು, ತಕ್ಕ ಪ್ರಮಾಣದಲ್ಲಿ ತಕ್ಕ ಕ್ಷಣಕ್ಕೆ ಬರಬೇಕು. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಹಳೆಯ ಬೈಕಿನಲ್ಲಿ ಈ ಲೆಕ್ಕ ಹಾಕಲು ಕಂಪ್ಯೂಟರ್ ಇಲ್ಲ. ಇರುವುದು ಕಾರ್ಬೊರೇಟರ್ ಎಂಬ ಲೋಹದ ಡಬ್ಬಿ. ಕಿರಿದಾದ ದಾರಿಯಲ್ಲಿ ಗಾಳಿ ವೇಗವಾಗಿ ಹರಿದಾಗ ಅಲ್ಲಿ ಒತ್ತಡ ಇಳಿಯುತ್ತದೆ. ಆ ಇಳಿತವೇ ಕೆಳಗಿನ ಬಟ್ಟಲಿನಿಂದ ಪೆಟ್ರೋಲನ್ನು ಜೆಟ್ ಎಂಬ ಸಣ್ಣ ತೂತಿನ ಮೂಲಕ ಮೇಲಕ್ಕೆಳೆಯುತ್ತದೆ. ಪೆಟ್ರೋಲನ್ನು ಹೀಗೆ ಜೆಟ್ಟಿನಿಂದ ಸಿಂಪಡಿಸುವ ಉಪಾಯವನ್ನು ಜರ್ಮನಿಯ ವಿಲ್‌ಹೆಲ್ಮ್ ಮೇಬಾಕ್ 1893ರ ಹೊತ್ತಿಗೆ ರೂಢಿಗೆ ತಂದ.

ತಡವರಿಕೆಯ ಬೀಜ ಈ ಉಪಾಯದಲ್ಲೇ ಇದೆ. ಗಾಳಿ ಹಗುರ, ಪೆಟ್ರೋಲ್ ಭಾರ. ಸವಾರ ಆಕ್ಸಿಲರೇಟರನ್ನು ಒಮ್ಮೆಲೇ ತಿರುವಿದಾಗ ಗಾಳಿ ತಕ್ಷಣ ನುಗ್ಗುತ್ತದೆ, ಪೆಟ್ರೋಲ್ ಒಂದು ಹೆಜ್ಜೆ ಹಿಂದೆ ಉಳಿಯುತ್ತದೆ. ಆ ಅರೆಕ್ಷಣ ಮಿಶ್ರಣ ತೆಳುವಾಗುತ್ತದೆ. ಚೆನ್ನಾಗಿ ಶ್ರುತಿ ಮಾಡಿದ ಎಂಜಿನ್ ಅದನ್ನು ಸವಾರನಿಗೆ ತಿಳಿಯದಂತೆ ನುಂಗಿಕೊಳ್ಳುತ್ತದೆ. ಎಲ್ಲೋ ಒಂದು ಕಡೆ ಸಡಿಲವಾಗಿದ್ದರೆ ನುಂಗಲಾರದೆ ಕೆಮ್ಮುತ್ತದೆ. ಆದ್ದರಿಂದ ತಡವರಿಕೆ ತಾನೇ ಒಂದು ರೋಗವಲ್ಲ, ಜ್ವರದಂತೆ ಬೇರೆ ರೋಗದ ಸೂಚನೆ.

ಯಾದವಗಿರಿಯ ಆರು ವೋಲ್ಟ್

ಸ್ವಾತಂತ್ರ್ಯದ ನಂತರದ ದಶಕದಲ್ಲಿ ಸಿದ್ಧ ಬೈಕುಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿದಾಗ, ಮುಂಬಯಿಯ ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಚೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಭಾರತದಲ್ಲೇ ತಯಾರಿಸಲು ಹೊರಟರು. ಜಾಗ ಸಿಕ್ಕಿದ್ದು ಮೈಸೂರಿನ ಯಾದವಗಿರಿಯಲ್ಲಿ. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು, ಮರುವರ್ಷ ಬೈಕುಗಳು ಹೊರಬರತೊಡಗಿದವು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಪ್ರೋತ್ಸಾಹ ಇದಕ್ಕಿತ್ತು. 'ಜಯಚಾಮರಾಜ ವಾಡಿಯರ್' ಎಂಬುದೇ ಚಿಕ್ಕದಾಗಿ 'ಜಾವಾ' ಆಯಿತು ಎಂದು ಹಳೇ ಮೈಸೂರಿನ ಜನ ಹೆಮ್ಮೆಯಿಂದ ಹೇಳುವುದುಂಟು. ಅಸಲಿಗೆ ಅದು 1929ರಲ್ಲಿ ಕಂಪನಿ ಕಟ್ಟಿದ ಯಾನೆಚೆಕ್ ಮತ್ತು ಅವನು ಪರವಾನಗಿ ಕೊಂಡ ಜರ್ಮನಿಯ ವಾಂಡರರ್, ಈ ಎರಡು ಹೆಸರುಗಳ ಮೊದಲ ಅಕ್ಷರಗಳ ಕೂಡಿಕೆ.

ಆ 250 ಸಿಸಿ ಟೂ ಸ್ಟ್ರೋಕ್ ಎಂಜಿನ್ ಸರಳತೆಗೆ ಹೆಸರಾಗಿತ್ತು. ಒಂದೇ ಸಿಲಿಂಡರು, ಎರಡು ಸೈಲೆನ್ಸರು, ವಾಲ್ವುಗಳೇ ಇಲ್ಲ. ಗಿಯರ್ ಲಿವರನ್ನೇ ತಿರುಗಿಸಿ ಕಿಕ್ಕರ್ ಮಾಡಿಕೊಳ್ಳಬಹುದಿತ್ತು. ಎಂಜಿನ್ ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕುತ್ತಿದ್ದರು, ಲೀಟರಿಗೆ ಸುಮಾರು 40 ಮಿಲಿಲೀಟರ್. ಆದರೆ ವಿದ್ಯುತ್ ವ್ಯವಸ್ಥೆ ಆರೇ ವೋಲ್ಟಿನದು. ಕಿಡಿ ಹುಟ್ಟುತ್ತಿದ್ದುದು ಬ್ಯಾಟರಿ, ಕಾಯಿಲ್ ಮತ್ತು ಪಾಯಿಂಟ್ ಎಂಬ ತ್ರಿಮೂರ್ತಿಗಳಿಂದ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ಕಾರಿಗಾಗಿ ರೂಪಿಸಿದ ಈ ವ್ಯವಸ್ಥೆ ಅರ್ಧ ಶತಮಾನದ ನಂತರ ಮೈಸೂರಿನ ಬೈಕಿನಲ್ಲೂ ಹೆಚ್ಚು ಬದಲಾಗದೆ ಕೂತಿತ್ತು.

ಪಾಯಿಂಟ್ ಎಂದರೆ ತೆರೆದು ಮುಚ್ಚುವ ಎರಡು ಸಣ್ಣ ಲೋಹದ ತುದಿಗಳು. ಅವು ತೆರೆದ ಕ್ಷಣಕ್ಕೆ ಕಾಯಿಲಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಟೂ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಪಾಯಿಂಟ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ತುದಿಗಳ ನಡುವಿನ ಅಂತರ 0.4 ಮಿಲಿಮೀಟರಿನ ಆಸುಪಾಸು. ತುದಿ ಸುಟ್ಟು ಗುಳಿ ಬಿದ್ದರೆ, ಅಂತರ ಹೆಚ್ಚುಕಡಿಮೆಯಾದರೆ, ಬ್ಯಾಟರಿ ಸೊರಗಿದರೆ ಕಿಡಿ ಬಡವಾಗುತ್ತದೆ. ಆ ಕಾಲದಲ್ಲಿ ಬೈಕು ತಡವರಿಸಿದರೆ ಮೆಕ್ಯಾನಿಕ್ಕಿನ ಮೊದಲ ಅನುಮಾನ ಕಿಡಿಯ ಮೇಲೆ. ಬಹುಮಟ್ಟಿಗೆ ಅದು ಸರಿಯೂ ಆಗಿರುತ್ತಿತ್ತು.

ಕಿಡಿಯ ಬಡತನವನ್ನು ಪತ್ತೆ ಮಾಡುವ ಉಪಾಯಗಳೂ ಅಷ್ಟೇ ಸರಳವಾಗಿದ್ದವು. ಹಗಲು ಚೆನ್ನಾಗಿ ಓಡಿ, ರಾತ್ರಿ ಹೆಡ್‌ಲೈಟ್ ಹಾಕಿದೊಡನೆ ಮುಗ್ಗರಿಸಿದರೆ ಡೈನಮೊ ಅಥವಾ ಬ್ಯಾಟರಿಯ ದೋಷ. ಎಂಜಿನ್ ತಣ್ಣಗಿದ್ದಾಗ ಸರಿಯಿದ್ದು, ಹತ್ತು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಮಿಸ್ಸಿಂಗ್ ಶುರುವಾದರೆ ಕಂಡೆನ್ಸರ್ ಅಥವಾ ಕಾಯಿಲಿನ ಕೆಲಸ. ಪಾಯಿಂಟಿನ ತುದಿಗಳಲ್ಲೇ ದೊಡ್ಡ ಕಿಡಿಗಳು ಹಾರುತ್ತಿದ್ದರೆ ಕಂಡೆನ್ಸರ್ ಹೋಗಿದೆ ಎಂದೇ ಅರ್ಥ. ಪ್ಲಗ್ ಬಿಚ್ಚಿ ನೋಡುವುದಂತೂ ನಾಲಿಗೆ ಚಾಚಿಸಿ ನೋಡುವ ವೈದ್ಯರ ಕ್ರಮದಂತೆ. ತುದಿ ಕಂದು ಬಣ್ಣಕ್ಕಿದ್ದರೆ ಆರೋಗ್ಯ. ಒಣ ಮಸಿಯಾದರೆ ಪೆಟ್ರೋಲ್ ಹೆಚ್ಚು. ಎಣ್ಣೆಯ ಪಸೆಯಿದ್ದರೆ ಆಯಿಲ್ ಹೆಚ್ಚು ಅಥವಾ ಕಿಡಿ ಕಡಿಮೆ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದು, ಎಂಜಿನ್ ಅತಿಯಾಗಿ ಕಾಯುತ್ತಿದೆ.

ಈ ಜ್ಞಾನ ಪುಸ್ತಕದಿಂದ ಬಂದದ್ದಕ್ಕಿಂತ ಒಬ್ಬರಿಂದೊಬ್ಬರಿಗೆ ಹರಿದದ್ದೇ ಹೆಚ್ಚು. ಕಾರ್ಖಾನೆ ಊರಲ್ಲೇ ಇತ್ತು, ಬಿಡಿಭಾಗ ಹತ್ತಿರದಲ್ಲಿತ್ತು. ಪ್ಲಗ್ ತಯಾರಿಸುವ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿತ್ತು. ಬೈಕನ್ನು ಮಾಡಿದವರು, ರಿಪೇರಿ ಮಾಡುವವರು, ಓಡಿಸುವವರು ಒಂದೇ ಲೋಕದಲ್ಲಿದ್ದರು.

ಮೈಲೇಜಿನ ಆಸೆ, ಸೀಮೆಎಣ್ಣೆಯ ವಾಸನೆ

1973ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಮೈಸೂರಿನ ಬೈಕು ಜಾವಾ ಹೆಸರು ಬಿಟ್ಟು ಯೆಜ್ಡಿ ಆಯಿತು. ಇರಾನಿನ ಯಜ್ದ್ ಊರಿನ ನೆನಪು ಆ ಹೆಸರಿನಲ್ಲಿದೆ. ಅದೇ ವರ್ಷದ ಕೊನೆಗೆ ಅರಬ್ ದೇಶಗಳ ತೈಲ ನಿರ್ಬಂಧದಿಂದ ಜಗತ್ತಿನಾದ್ಯಂತ ಪೆಟ್ರೋಲ್ ಬೆಲೆ ಏರಿತು. ಅಲ್ಲಿಂದಾಚೆ ಭಾರತದ ಸವಾರ ಬೈಕಿನ ಬಗ್ಗೆ ಕೇಳುವ ಮೊದಲ ಪ್ರಶ್ನೆ ಕರ್ನಾಟಕದಲ್ಲಿ 'ಮೈಲೇಜ್ ಎಷ್ಟು', ಮಹಾರಾಷ್ಟ್ರದಲ್ಲಿ 'ಆವರೇಜ್ ಕಿತೀ ದೇತೆ'.

ಈ ಆಸೆಗೆ ಗ್ಯಾರೇಜಿನಲ್ಲಿ ಉತ್ತರವೂ ಸಿಕ್ಕಿತು. ಕಾರ್ಬೊರೇಟರಿನ ಸೂಜಿಯನ್ನು ಒಂದು ಗುಂಡಿ ಕೆಳಗಿಳಿಸು, ಸಣ್ಣ ಜೆಟ್ ಹಾಕು. ಪೆಟ್ರೋಲ್ ಉಳಿಯಿತು ಎಂದು ಮಾಲೀಕ ಸಂತೋಷಪಟ್ಟ. ಆದರೆ ತೆಳು ಮಿಶ್ರಣದ ಎಂಜಿನ್ ಮೊದಲು ತಡವರಿಸುತ್ತದೆ, ಆಮೇಲೆ ಕಾಯುತ್ತದೆ, ಕೊನೆಗೆ ಪಿಸ್ಟನ್ ಸಿಲಿಂಡರಿಗೆ ಅಂಟಿಕೊಂಡು 'ಸೀಜ್' ಆಗುತ್ತದೆ. ಟೂ ಸ್ಟ್ರೋಕಿನಲ್ಲಿ ಈ ಅಪಾಯ ಇಮ್ಮಡಿ. ಪೆಟ್ರೋಲಿನ ಜೊತೆಗೇ ಆಯಿಲ್ ಬರುವುದರಿಂದ, ಪೆಟ್ರೋಲ್ ಕಡಿಮೆ ಮಾಡಿದರೆ ಆಯಿಲೂ ಕಡಿಮೆಯಾದಂತೆ. ಉಳಿಸಿದ ಪೆಟ್ರೋಲಿನ ದುಡ್ಡು ಬೋರ್ ಮಾಡಿಸಲು ಹೋಯಿತು.

ಇನ್ನೊಂದು ಕಾರಣ ಇದಕ್ಕಿಂತ ಕರಾಳ. ಪಡಿತರದ ಸೀಮೆಎಣ್ಣೆಗೂ ಪೆಟ್ರೋಲಿಗೂ ಇದ್ದ ಬೆಲೆಯ ಅಂತರ ದಶಕಗಳ ಕಾಲ ಕಲಬೆರಕೆಯ ಕಾರ್ಖಾನೆಯಾಗಿತ್ತು. ಪತ್ತೆಗಾಗಿ ಪಡಿತರದ ಎಣ್ಣೆಗೆ ನೀಲಿ ಬಣ್ಣ ಬೆರೆಸಿದರೂ ದಂಧೆ ನಿಲ್ಲಲಿಲ್ಲ. ಸೀಮೆಎಣ್ಣೆ ಪೆಟ್ರೋಲಿನಷ್ಟು ಬೇಗ ಆವಿಯಾಗುವುದಿಲ್ಲ, ಆಕ್ಟೇನ್ ಕಡಿಮೆ. ಪರಿಣಾಮ ತಣ್ಣನೆಯ ಎಂಜಿನ್ನಿನಲ್ಲಿ ತಡವರಿಕೆ, ಏರಿನಲ್ಲಿ ಟಣಟಣ ಸದ್ದು, ಮಸಿ ಹಿಡಿದ ಪ್ಲಗ್, ದಟ್ಟ ಹೊಗೆ. ಮೆಕ್ಯಾನಿಕ್ ಪಾಯಿಂಟ್ ಉಜ್ಜಿ, ಕಾರ್ಬೊರೇಟರ್ ತೊಳೆದು ಕೊಟ್ಟರೂ ಮುಂದಿನ ಟ್ಯಾಂಕಿನೊಂದಿಗೆ ರೋಗ ಮರಳಿ ಬರುತ್ತಿತ್ತು. ರೋಗ ಬೈಕಿನಲ್ಲಿರಲಿಲ್ಲ, ಬಂಕಿನಲ್ಲಿತ್ತು.

ಈ ಸಣ್ಣ ಕೆಮ್ಮಿನ ಹಿಂದೆ ಎಂಥ ಹಣ, ಎಂಥ ಕ್ರೌರ್ಯ ಇತ್ತು ಎಂಬುದು ಎರಡು ಸಾವುಗಳಲ್ಲಿ ಬಯಲಾಯಿತು. ಕೋಲಾರ ಚಿನ್ನದ ಗಣಿಯ ಊರಲ್ಲಿ ಬೆಳೆದು, ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಮಂಜುನಾಥ ಷಣ್ಮುಗಂ ಇಂಡಿಯನ್ ಆಯಿಲ್ ಕಂಪನಿಯ ಅಧಿಕಾರಿಯಾಗಿ ಉತ್ತರ ಪ್ರದೇಶಕ್ಕೆ ಹೋಗಿದ್ದರು. ಲಖೀಂಪುರ ಖೇರಿಯಲ್ಲಿ ಕಲಬೆರಕೆಯ ಬಂಕಿನ ಮೇಲೆ ಕ್ರಮ ಕೈಗೊಂಡದ್ದಕ್ಕೆ 2005ರ ನವೆಂಬರಿನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ 27 ವರ್ಷ. 2011ರ ಜನವರಿ 25ರಂದು ಮಹಾರಾಷ್ಟ್ರದ ಮನಮಾಡ್ ಬಳಿ ಕಲಬೆರಕೆಯನ್ನು ಕಣ್ಣಾರೆ ಕಂಡು ತಡೆಯಹೋದ ಮಾಲೇಗಾಂವ್‌ನ ಅಪರ ಜಿಲ್ಲಾಧಿಕಾರಿ ಯಶವಂತ ಸೋನಾವಣೆ ಅವರನ್ನು ಜೀವಂತ ಸುಟ್ಟರು. ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳಿ ಒಂದು ಹನಿ ಪೆಟ್ರೋಲ್ ಹಾಕಿ ನೋಡುವ ಹಕ್ಕು ಎಲ್ಲ ಗ್ರಾಹಕರಿಗೂ ಇದೆ. ಶುದ್ಧ ಪೆಟ್ರೋಲ್ ಕಲೆ ಉಳಿಸದೆ ಆರಿಹೋಗುತ್ತದೆ. ಆ ಹನಿಯ ಸತ್ಯ ಕಾಯಲು ಹೋದವರು ತೆತ್ತ ಬೆಲೆ ಅಷ್ಟು ದೊಡ್ಡದು.

ತವರು ಮುಚ್ಚಿದ ಮೇಲೆ

1980ರ ದಶಕದ ಮಧ್ಯದಲ್ಲಿ ಜಪಾನಿ ತಂತ್ರದ 100 ಸಿಸಿ ಬೈಕುಗಳು ಬಂದವು. ಅವುಗಳಲ್ಲಿ ಪಾಯಿಂಟಿನ ಬದಲು ಸಿಡಿಐ ಎಂಬ ಮುಚ್ಚಿದ ಎಲೆಕ್ಟ್ರಾನಿಕ್ ಡಬ್ಬಿ ಇತ್ತು. ಉಜ್ಜುವುದಿಲ್ಲ, ಅಂತರ ಅಳೆಯುವುದಿಲ್ಲ, ಕೆಟ್ಟರೆ ಬದಲಿಸುವುದು. 1991ರಿಂದ ಹೊಗೆಯ ನಿಯಮಗಳೂ ಬಿಗಿಯಾಗತೊಡಗಿದವು. ಹೆಚ್ಚು ಪೆಟ್ರೋಲ್ ಕುಡಿದು ನೀಲಿ ಹೊಗೆ ಬಿಡುವ ಯೆಜ್ಡಿಗೆ ಅದು ಸೋಲುವ ಪಂದ್ಯವಾಗಿತ್ತು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಬಾಗಿಲು ಹಾಕಿತು.

ಬೈಕುಗಳು ಮಾತ್ರ ಓಡುತ್ತಲೇ ಇದ್ದವು. ಇಲ್ಲಿಂದ ತಡವರಿಕೆಗೆ ಮತ್ತೊಂದು ಹೊಸ ಕಾರಣ ಸೇರಿತು: ಅಸಲಿ ಬಿಡಿಭಾಗದ ಕೊರತೆ. ಅಳತೆ ತಪ್ಪಿದ ಜೆಟ್, ಒಂದು ವಾರಕ್ಕೇ ಸಾಯುವ ಕಂಡೆನ್ಸರ್, ಬೇಗ ಗಟ್ಟಿಯಾಗುವ ಕ್ರ್ಯಾಂಕ್ ಸೀಲ್. ಮೊದಲೆಲ್ಲ 'ಹೊಸ ಭಾಗ ಹಾಕಿದ್ದೇನೆ, ಆದ್ದರಿಂದ ದೋಷ ಅಲ್ಲಿಲ್ಲ' ಎಂದು ಮೆಕ್ಯಾನಿಕ್ ಧೈರ್ಯವಾಗಿ ಹೇಳಬಹುದಿತ್ತು. ಈಗ ಹೊಸದನ್ನೂ ಅನುಮಾನಿಸಬೇಕಾಯಿತು.

ವಯಸ್ಸೂ ಸೇರಿಕೊಂಡಿತು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿಂದ ಸಿಲಿಂಡರಿಗೆ ಏರುತ್ತದೆ. ಕ್ರ್ಯಾಂಕಿನ ಎರಡು ಕಡೆಯ ರಬ್ಬರ್ ಸೀಲುಗಳು ಒಣಗಿದರೆ ಕಳ್ಳಗಾಳಿ ಒಳನುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನಾಗಿ ಕಿರುಚುತ್ತದೆ, ತಿರುವಿದರೆ ತಡವರಿಸುತ್ತದೆ. ಗಿಯರ್ ಬಾಕ್ಸಿನ ಆಯಿಲ್ ಎಳೆದುಕೊಂಡರೆ ಬಿಳಿ ಹೊಗೆ. ಸೈಲೆನ್ಸರಿನೊಳಗೆ ವರ್ಷಗಳ ಕಾರ್ಬನ್ ಕಟ್ಟಿಕೊಂಡರೆ ಎಂಜಿನ್ನಿಗೆ ಉಸಿರು ಬಿಡಲಾಗದೆ ಪಿಕಪ್ ಸಾಯುತ್ತದೆ. ಇವು ಯಾವುವೂ ಕಾರ್ಬೊರೇಟರ್ ತೊಳೆದರೆ ಹೋಗುವ ರೋಗಗಳಲ್ಲ. ಆದರೂ ಎಲ್ಲಕ್ಕೂ ಮೊದಲು ತೊಳೆಯುವುದು ಕಾರ್ಬೊರೇಟರನ್ನೇ, ಯಾಕೆಂದರೆ ಬಿಚ್ಚಲು ಅದೇ ಸುಲಭ.

2000ದ ಫೆಬ್ರುವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಹಳೆಯ ಫೋರ್ ಸ್ಟ್ರೋಕ್ ಬೈಕುಗಳ ಮಾಲೀಕರು ವಾಲ್ವ್ ಸೀಟು ಸವೆಯುವ ಭಯಪಟ್ಟರು. ವಾಲ್ವೇ ಇಲ್ಲದ ಯೆಜ್ಡಿಗೆ ಅದರಿಂದ ನಷ್ಟವಾಗಲಿಲ್ಲ. ಪ್ಲಗ್ಗಿಗೆ ಹಿಡಿಯುತ್ತಿದ್ದ ಸೀಸದ ಲೇಪ ತಪ್ಪಿ ಒಳ್ಳೆಯದೇ ಆಯಿತು. ಇಂಧನ ಬದಲಾದಾಗಲೆಲ್ಲ ಕೇಡೇ ಆಗಬೇಕೆಂದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಮುಂದಿನ ಬದಲಾವಣೆ ಮಾತ್ರ ಅಷ್ಟು ಸೌಮ್ಯವಾಗಿರಲಿಲ್ಲ.

ಉಲ್ಹಾಸದ ನೀರು, ಕಬ್ಬಿನ ಮದ್ಯಸಾರ

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಬದಲಾಪುರ ಕೊಂಕಣದ ತಗ್ಗಿನಲ್ಲಿ. ಮೈಸೂರಿನ ಗಾಳಿ ಸಮುದ್ರಮಟ್ಟಕ್ಕಿಂತ ಹೆಚ್ಚುಕಡಿಮೆ ಶೇಕಡಾ 8ರಷ್ಟು ತೆಳು. ಅಲ್ಲಿ ಶ್ರುತಿ ಮಾಡಿದ ಬೈಕನ್ನು ಇಲ್ಲಿಗೆ ತಂದರೆ ಅದೇ ಜೆಟ್ಟಿಗೆ ಹೆಚ್ಚು ಗಾಳಿ ಸಿಕ್ಕಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಅಂಚಿನಲ್ಲಿದ್ದ ಬೈಕಿಗೆ ಅಷ್ಟೇ ಸಾಕು.

ಅದಕ್ಕಿಂತ ದೊಡ್ಡದು ಮಳೆ. 2005ರ ಜುಲೈ 26ರಂದು ಮುಂಬಯಿ ಮುಳುಗಿದ ದಿನ ಉಲ್ಹಾಸ ನದಿ ಉಕ್ಕಿ ಬದಲಾಪುರ, ಕಲ್ಯಾಣದ ತಗ್ಗುಗಳೂ ಮುಳುಗಿದವು. 2019ರ ಜುಲೈ 27ರಂದು ಬದಲಾಪುರ ಮತ್ತು ವಾಂಗಣಿಯ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ರೈಲೇ ನೀರಿನಲ್ಲಿ ಸಿಕ್ಕಿಕೊಂಡು, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಪಾರುಮಾಡಬೇಕಾಯಿತು. ಇಂಥ ನೆಲದಲ್ಲಿ ಮಳೆಗಾಲದ ನಾಲ್ಕು ತಿಂಗಳು ನಿಂತ ಬೈಕಿನ ಟ್ಯಾಂಕಿಗೆ ನೀರು ಸೇರಲು ಪ್ರವಾಹವೇ ಬೇಕಿಲ್ಲ. ಸವೆದ ಮುಚ್ಚಳದ ವಾಷರ್ ಸಾಕು, ಗಾಳಿಯ ತೇವ ಸಾಕು. ಬರೀ ಪೆಟ್ರೋಲಿನ ಕಾಲದಲ್ಲಿ ಆ ನೀರು ತಳದಲ್ಲಿ ಕೂರುತ್ತಿತ್ತು. ಕಾರ್ಬೊರೇಟರಿನ ಬಟ್ಟಲು ಬಿಚ್ಚಿದರೆ ಹನಿಹನಿಯಾಗಿ ಕಾಣುತ್ತಿತ್ತು. ಚೆಲ್ಲಿದರೆ ಮುಗಿಯಿತು.

ಎಥನಾಲ್ ಬಂದ ಮೇಲೆ ಹಾಗಿಲ್ಲ. 2003ರಲ್ಲಿ ಮಹಾರಾಷ್ಟ್ರ, ಕರ್ನಾಟಕ ಸೇರಿ ಒಂಬತ್ತು ರಾಜ್ಯಗಳಲ್ಲಿ ಪೆಟ್ರೋಲಿಗೆ ಶೇಕಡಾ 5ರಷ್ಟು ಎಥನಾಲ್ ಬೆರೆಸುವ ಯೋಜನೆ ಶುರುವಾಯಿತು. 2022ರಲ್ಲಿ ಅದು ಶೇಕಡಾ 10 ಮುಟ್ಟಿತು. 2023ರ ಫೆಬ್ರುವರಿ 6ರಂದು ಪ್ರಧಾನಿ ನರೇಂದ್ರ ಮೋದಿ ಬೆಂಗಳೂರಿನಲ್ಲಿ ಶೇಕಡಾ 20ರ ಮಿಶ್ರಣ ಇ20ಗೆ ಚಾಲನೆ ಕೊಟ್ಟರು. 2025ರ ಹೊತ್ತಿಗೆ ಅದೇ ದೇಶದ ಸಾಮಾನ್ಯ ಪೆಟ್ರೋಲ್ ಆಯಿತು. ಆಮದು ತೈಲದ ಹೊರೆ ಇಳಿಯುತ್ತದೆ, ಕಬ್ಬು ಮತ್ತು ಜೋಳ ಬೆಳೆಯುವ ರೈತರಿಗೆ ಮಾರುಕಟ್ಟೆ ಸಿಗುತ್ತದೆ ಎಂಬುದು ಸರ್ಕಾರದ ವಾದ. ಎರಡೂ ತಳ್ಳಿಹಾಕುವ ಮಾತಲ್ಲ. ಹಳೆಯ ವಾಹನಗಳ ಮಾಲೀಕರು ಆಯ್ಕೆ ಬೇಕೆಂದು ಸುಪ್ರೀಂ ಕೋರ್ಟಿನವರೆಗೂ ವಿಷಯ ಹೋಯಿತು. 2025ರ ಸೆಪ್ಟೆಂಬರ್ 1ರಂದು ಆ ಅರ್ಜಿ ವಜಾ ಆಯಿತು.

ಹಳೆಯ ಕಾರ್ಬೊರೇಟರಿಗೆ ವಾದ ತಿಳಿಯುವುದಿಲ್ಲ, ಲೆಕ್ಕ ಮಾತ್ರ ತಿಳಿಯುತ್ತದೆ. ಎಥನಾಲ್ ಉರಿಯಲು ಒಂದಕ್ಕೆ 9 ಪಾಲು ಗಾಳಿ ಸಾಕು. ಆದ್ದರಿಂದ ಇ20ಗೆ ಬೇಕಾದ ಗಾಳಿ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಫ್ಯುಯೆಲ್ ಇಂಜೆಕ್ಷನ್ ಇರುವ ಹೊಸ ಬೈಕು ಸೆನ್ಸರಿನಿಂದ ಇದನ್ನು ಅರಿತು ಇಂಧನ ಹೆಚ್ಚಿಸಿಕೊಳ್ಳುತ್ತದೆ. 1978ರ ಜೆಟ್ 1978ರ ಪೆಟ್ರೋಲಿಗೆ ಕೊರೆದ ತೂತು. ಅದರ ಮಟ್ಟಿಗೆ ಮಿಶ್ರಣ ಶೇಕಡಾ 8ರಷ್ಟು ತೆಳುವಾಯಿತು. ಮೈಲೇಜಿಗಾಗಿ ಆಗಲೇ ಸೂಜಿ ಇಳಿಸಿದ್ದ ಬೈಕಾದರೆ ತಡವರಿಕೆ ಖಂಡಿತ.

ಇನ್ನೂ ಎರಡು ಸಂಗತಿಗಳಿವೆ. ಎಥನಾಲ್ ಒಳ್ಳೆಯ ದ್ರಾವಕ. ಟ್ಯಾಂಕಿನ ಗೋಡೆಗೆ ಹತ್ತಾರು ವರ್ಷಗಳಿಂದ ಅಂಟಿದ್ದ ಅಂಟನ್ನೂ ತುಕ್ಕನ್ನೂ ಎಬ್ಬಿಸಿ ಜೆಟ್ಟಿನ ಬಾಯಿಗೆ ತಂದಿಡುತ್ತದೆ, ಹಳೆಯ ರಬ್ಬರ್ ಪೈಪನ್ನು ಮೆತ್ತಗಾಗಿಸುತ್ತದೆ. ಎರಡನೆಯದು ನೀರಿನ ಜೊತೆ ಅದರ ಸ್ನೇಹ. ತೇವವನ್ನು ಅದು ತನ್ನೊಳಗೆ ಎಳೆದುಕೊಳ್ಳುತ್ತದೆ. ನೀರು ಒಂದು ಮಿತಿ ದಾಟಿದರೆ ಎಥನಾಲ್ ನೀರಿನ ಪಕ್ಷ ಸೇರಿ ಇಬ್ಬರೂ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತಾರೆ. ಪೆಟ್ರೋಲಿಗೆ ಬೆರೆಸಿದ ಟೂ ಸ್ಟ್ರೋಕ್ ಆಯಿಲ್ ಮಾತ್ರ ಮೇಲಿನ ಪದರದಲ್ಲೇ ಉಳಿಯುತ್ತದೆ. ಕಾಕ್ ಎಳೆಯುವುದು ತಳದಿಂದ. ಆಗ ಎಂಜಿನ್ನಿಗೆ ಹೋಗುವುದು ಆಯಿಲ್ ಇಲ್ಲದ ದ್ರವ. ಆ ತಡವರಿಕೆಯನ್ನು ಕಡೆಗಣಿಸಿ ಆಕ್ಸಿಲರೇಟರ್ ಇನ್ನಷ್ಟು ತಿರುವಿದರೆ, ಹೊಡೆದು ಓಡಿಸಿದ ದಣಿದ ಕುದುರೆಯ ಗತಿಯೇ ಬೈಕಿನದೂ.

ಕೇಳಬೇಕಾದ ಮೊದಲ ಪ್ರಶ್ನೆ

ಹಾಗಾದರೆ ಪತ್ತೆಯ ಕ್ರಮ ಹೇಗೆ? ಬಿಚ್ಚುವ ಮೊದಲು ಕೇಳುವುದು. ಯಾವಾಗ ತಡವರಿಸುತ್ತದೆ: ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಆಕ್ಸಿಲರೇಟರಿನ ಆರಂಭದಲ್ಲೋ ನಡುವಿನಲ್ಲೋ ತುದಿಯಲ್ಲೋ? ಆರಂಭ ಸ್ಲೋ ಜೆಟ್ಟಿನ ಸೀಮೆ, ನಡುವಿನದು ಸೂಜಿಯದು, ತುದಿ ಮೇನ್ ಜೆಟ್ಟಿನದು. ಸ್ವಲ್ಪ ಚೋಕ್ ಎಳೆದಾಗ ಸುಧಾರಿಸಿದರೆ ಪೆಟ್ರೋಲ್ ಸಾಲದು, ಕೆಟ್ಟರೆ ಹೆಚ್ಚಾಗಿದೆ. ಕೆಲವು ಕಿಲೋಮೀಟರಿನ ಮೇಲೆ ನಿಂತು, ಟ್ಯಾಂಕಿನ ಮುಚ್ಚಳ ತೆರೆದೊಡನೆ ಸರಿಯಾದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಖರ್ಚು ಒಂದು ಸೂಜಿಯಷ್ಟೇ. ಹೊಸ ಪ್ಲಗ್ ಹಾಕಿ ನೋಡುವುದು, ಬಟ್ಟಲಿನ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಇಳಿಸಿ ಪದರ ನೋಡುವುದು, ಆಮೇಲೆ ಪಾಯಿಂಟ್, ಕಂಡೆನ್ಸರ್, ಕೊನೆಗೆ ಸೀಲು ಮತ್ತು ಕಂಪ್ರೆಷನ್. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರನ್ನು ಒಟ್ಟಿಗೆ ಬದಲಿಸಿದರೆ ಬೈಕು ಸರಿಯಾಗಬಹುದು, ಆದರೆ ಕಾರಣ ತಿಳಿಯುವುದಿಲ್ಲ.

ಈ ಪಟ್ಟಿ ಹಳೆಯ ಮೆಕ್ಯಾನಿಕ್ಕುಗಳಿಗೆ ಗೊತ್ತಿಲ್ಲದ್ದೇನಲ್ಲ. ಹೊಸದು ಅದರ ಹಿಂದಿನ ಪ್ರಶ್ನೆ. ಬೈಕು ಯಾವ ವರ್ಷದ್ದು ಎಂದು ಎಲ್ಲರೂ ಕೇಳುತ್ತಾರೆ. ಟ್ಯಾಂಕಿನಲ್ಲಿರುವುದು ಯಾವ ವರ್ಷದ ಪೆಟ್ರೋಲ್, ಒಳಗಿರುವುದು ಯಾವ ವರ್ಷದ ಬಿಡಿಭಾಗ ಎಂದು ಕೇಳುವವರು ಕಡಿಮೆ. 1960ರ ದಶಕದಲ್ಲಿ ಈ ಮೂರೂ ಒಂದೇ ಕಾಲಕ್ಕೆ ಸೇರಿದ್ದವು. ಈಗ ಒಂದೇ ಬೈಕಿನಲ್ಲಿ ಮೂರು ಕಾಲಗಳು ಕೂತಿವೆ, ಅವುಗಳ ನಡುವಿನ ಹೊಂದಾಣಿಕೆ ತಪ್ಪಿದ ಸದ್ದೇ ಇಂದಿನ ಮಿಸ್ಸಿಂಗ್.

ಪ್ರತಿ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನ. ಮೈಸೂರು, ಬೆಂಗಳೂರಿನಲ್ಲಿ ಹಳೆಯ ಜಾವಾ, ಯೆಜ್ಡಿಗಳು ಸಾಲಾಗಿ ಬೀದಿಗಿಳಿಯುತ್ತವೆ. ನೋಡುವವರು ಹೊಳೆಯುವ ಟ್ಯಾಂಕನ್ನು ನೋಡುತ್ತಾರೆ. ಬಲ್ಲವರು ಕಿವಿ ಕೊಡುವುದು ಬೇರೆಯದಕ್ಕೆ: ಸಿಗ್ನಲ್ ಹಸಿರಾದಾಗ, ಆಕ್ಸಿಲರೇಟರ್ ತಿರುವಿದ ಆ ಅರೆಕ್ಷಣಕ್ಕೆ. ಎಂಜಿನ್ ತಡವರಿಸದೆ ಸದ್ದು ಏರಿಸಿದರೆ, ಆ ಬೈಕಿನ ಹಿಂದೆ ಈಗಲೂ ಕೇಳಿಸಿಕೊಳ್ಳಬಲ್ಲ ಒಬ್ಬ ಮೆಕ್ಯಾನಿಕ್ ಇದ್ದಾನೆ ಎಂದು ಅರ್ಥ.